ಹೊರದೇಶದ ಆಸ್ಪತ್ರೆಯಲ್ಲಿ ಎಲೆಕ್ಟಿವ್: ಎಲ್ಲಿಗೆ, ಯಾರ ಮೂಲಕ, ಎಷ್ಟು ವಾರ, ಎಲ್ಲಿ ಉಳಿಯುವುದು

ಎಲೆಕ್ಟಿವ್‌ಗೆ (ಓದಿನ ಭಾಗವಾಗಿ ತಾವೇ ಆರಿಸಿಕೊಂಡ ಆಸ್ಪತ್ರೆಯಲ್ಲಿ ಕೆಲವು ವಾರ ಕಲಿಯುವುದಕ್ಕೆ) ಜಾಗ ಹುಡುಕಲು ಕೂತ ವೈದ್ಯಕೀಯ ವಿದ್ಯಾರ್ಥಿಗಳು ಮೊದಲು ಕೇಳಿಕೊಳ್ಳುವುದು ‘ಯಾವ ದೇಶ?’ ಎಂದು. ಅದಕ್ಕೂ ಮುಂಚೆ ಕೇಳಬೇಕಾದ ಎರಡು ಪ್ರಶ್ನೆಗಳಿವೆ. ವಾರ್ಡಿನಲ್ಲಿ ನನ್ನ ಪಕ್ಕ ಯಾರು ನಿಂತಿರುತ್ತಾರೆ? ಡ್ಯೂಟಿ ಮುಗಿಸಿ ಸುಸ್ತಾಗಿ ಹೊರಬಿದ್ದಾಗ ನಾನು ಮಲಗುವ ಕೋಣೆ ಎಷ್ಟು ದೂರ ಇರುತ್ತದೆ? ಹೊರದೇಶದಲ್ಲಿ ಹೊಂದಿಕೊಳ್ಳಲಾಗದೆ ಒದ್ದಾಡುವವರ ಕಷ್ಟವನ್ನು ಬಿಡಿಸುತ್ತಾ ಹೋದರೆ ಬಹಳ ಸಲ ಈ ಎರಡರಲ್ಲೇ ಬಂದು ನಿಲ್ಲುತ್ತದೆ. ಹವೆ, ಊಟ, ಭಾಷೆ ಎಲ್ಲ ಆಮೇಲಿನವು. ಎರಡಕ್ಕೂ ಉತ್ತರ ಸಿಗುವುದು ಅರ್ಜಿ ಹಾಕುವ ಹೊತ್ತಿನಲ್ಲೇ. ವಿಮಾನ ಹತ್ತಿದ ಮೇಲೆ ಬದಲಾಯಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಅದಕ್ಕೇ ಮುಂದಿನ ಒಂದೊಂದು ಆಯ್ಕೆಯನ್ನೂ ಈ ಎರಡು ಪ್ರಶ್ನೆಗಳಿಗೆ ಒಡ್ಡಿ ನೋಡಿದ್ದೇವೆ.

ನೋಡಲು ಹೋಗುವುದೋ, ಕೆಲಸ ಮಾಡಲು ಹೋಗುವುದೋ

ಎಲೆಕ್ಟಿವ್, ಅಟ್ಯಾಚ್‌ಮೆಂಟ್, ಅಬ್ಸರ್ವರ್‌ಶಿಪ್ ಎಂಬ ಹೆಸರುಗಳನ್ನು ಆಸ್ಪತ್ರೆಗಳು ತಮತಮಗೆ ತೋಚಿದಂತೆ ಬಳಸುತ್ತವೆ. ಹೆಸರನ್ನು ನಂಬಬೇಡಿ. ಒಪ್ಪಿಗೆ ಪತ್ರ ಬರುವ ಮುಂಚೆ ಇಮೇಲ್‌ನಲ್ಲಿ ಬಿಡಿಬಿಡಿಯಾಗಿ ಕೇಳಿ: ರೋಗಿಯ ಹಿಸ್ಟರಿ (ಕಾಯಿಲೆಯ ವಿವರ) ತೆಗೆದುಕೊಳ್ಳಬಹುದೇ, ಮೈಮುಟ್ಟಿ ಪರೀಕ್ಷಿಸಬಹುದೇ, ಕೇಸ್ ಶೀಟ್‌ನಲ್ಲಿ ಬರೆಯಬಹುದೇ, ಬರೆದರೆ ಕೆಳಗೆ ಸಹಿ ಯಾರದು, ರಕ್ತ ತೆಗೆಯಬಹುದೇ, ಥಿಯೇಟರ್‌ನಲ್ಲಿ ಸ್ಕ್ರಬ್ ಆಗಿ (ಕೈ ತೊಳೆದು, ಗೌನ್ ತೊಟ್ಟು) ಶಸ್ತ್ರಚಿಕಿತ್ಸೆಗೆ ಸೇರಬಹುದೇ, ರಾತ್ರಿ ಡ್ಯೂಟಿ ಇದೆಯೇ.

ವೀಸಾದ ಬಗೆಯೂ ಇದರ ಮೇಲೇ ನಿಂತಿದೆ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ಹೊರದೇಶದ ವೈದ್ಯಕೀಯ ವಿದ್ಯಾರ್ಥಿ ಅಲ್ಲಿನ ವಿಶ್ವವಿದ್ಯಾಲಯದ ಮೂಲಕ ಎಲೆಕ್ಟಿವ್ ಮಾಡಬಹುದು, ಆದರೆ ಸಂಬಳ ಪಡೆಯುವಂತಿಲ್ಲ, ರೋಗಿಗೆ ಚಿಕಿತ್ಸೆ ಕೊಡುವಂತಿಲ್ಲ. ಅಮೆರಿಕದಲ್ಲಿ ಅನೇಕ ಕಾಲೇಜುಗಳು ಅರ್ಜಿಗಳನ್ನು ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ ಎಎಎಂಸಿಯ ವಿಎಸ್‌ಎಲ್‌ಒ ವ್ಯವಸ್ಥೆಯ ಮೂಲಕವೇ ತೆಗೆದುಕೊಳ್ಳುತ್ತವೆ. ಕೆಲವು ಕಡೆ ಯುಎಸ್‌ಎಂಎಲ್‌ಇ ಸ್ಟೆಪ್ 1 (ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತ) ಪಾಸಾಗಿರಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ವಾರ್ಡಿಗೆ ಇಳಿದರಾಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗಡಿಯಲ್ಲಿ ಅಧಿಕಾರಿ ಕೇಳುವುದು ಒಪ್ಪಿಗೆ ಪತ್ರವನ್ನು, ಮತ್ತು ಅದರಲ್ಲಿರುವ ಪದಕ್ಕೂ ವೀಸಾದಲ್ಲಿರುವ ಪದಕ್ಕೂ ತಾಳೆಯಾಗಬೇಕು.

ನೋಡುವ ಎಲೆಕ್ಟಿವ್ ಹಗುರ ಎಂದುಕೊಳ್ಳುವವರಿದ್ದಾರೆ. ಕೈಗೆ ಕೆಲಸವಿಲ್ಲದೆ ದಿನಕ್ಕೆ ಎಂಟು ಗಂಟೆ ಗುಂಪಿನ ಅಂಚಿನಲ್ಲಿ ನಿಲ್ಲುವುದು ಮನಸ್ಸನ್ನು ಬೇಗ ಕುಗ್ಗಿಸುತ್ತದೆ. ಇದಕ್ಕೊಂದು ಮದ್ದಿದೆ. ಮೊದಲ ದಿನವೇ ಮೇಲ್ವಿಚಾರಕರನ್ನು ಕೇಳಿ ದಿನಕ್ಕೊಬ್ಬ ರೋಗಿಯನ್ನು ನಿಮ್ಮವರೆಂದು ಮಾಡಿಕೊಳ್ಳಿ. ಅವರ ವರದಿಗಳನ್ನು ಓದಿ, ಮಾರನೆಯ ಬೆಳಗ್ಗೆ ಐದು ನಿಮಿಷ ಕೇಸ್ ಹೇಳಿ. ಹೆಚ್ಚಿನ ವೈದ್ಯರು ಒಪ್ಪುತ್ತಾರೆ.

ದೊಡ್ಡ ಬೋಧನಾ ಆಸ್ಪತ್ರೆಯೋ, ಸೌಕರ್ಯ ಕಡಿಮೆಯಿರುವ ಸಣ್ಣ ಆಸ್ಪತ್ರೆಯೋ

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಬೋಧನಾ ಆಸ್ಪತ್ರೆಯಲ್ಲಿ ಪಾಠ, ಸೆಮಿನಾರ್, ಗ್ರಂಥಾಲಯ, ಅಪರೂಪದ ಕಾಯಿಲೆಗಳು ಎಲ್ಲವೂ ಇವೆ. ಆದರೆ ನಿಮ್ಮ ಮುಂದೆ ಅಲ್ಲಿನದೇ ವಿದ್ಯಾರ್ಥಿಗಳು, ಇಂಟರ್ನ್‌ಗಳು, ರೆಸಿಡೆಂಟ್‌ಗಳ ಸಾಲಿದೆ. ಕೈಯಿಂದ ಮಾಡುವ ಕೆಲಸ ಆ ಸಾಲು ದಾಟಿ ನಿಮ್ಮ ತನಕ ಬರುವುದು ಕಡಿಮೆ. ಮೊದಲ ವಾರದ ಅರ್ಧ ಐಡಿ ಕಾರ್ಡ್, ಕಂಪ್ಯೂಟರ್ ಲಾಗಿನ್, ಲಸಿಕೆಯ ದಾಖಲೆ ಇವುಗಳ ಹಿಂದೆ ಹೋಗುತ್ತದೆ. ಲಾಗಿನ್ ಸಿಗದಿದ್ದರೆ ವರದಿ ನೋಡಲಾಗದು, ವರದಿ ನೋಡದೆ, ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಹೋಗುವ ರೌಂಡ್ಸ್‌ನಲ್ಲಿ ಏನೂ ಅರ್ಥವಾಗದು. ಇವುಗಳ ಅರ್ಜಿಗಳನ್ನು ಹೊರಡುವ ಒಂದು ತಿಂಗಳ ಮುಂಚೆಯೇ ಕೇಳಿ ತರಿಸಿ ತುಂಬಿ ಕಳಿಸಿ.

ಸಣ್ಣ ಆಸ್ಪತ್ರೆಯಲ್ಲಿ ನೋಡಲು, ಕಲಿಯಲು ಬಹಳವಿದೆ. ಸ್ಕ್ಯಾನ್ ಇಲ್ಲದಿರುವಾಗ ಕೈ, ಕಿವಿ, ಕಣ್ಣುಗಳಿಂದಲೇ ರೋಗ ಹಿಡಿಯುವ ವೈದ್ಯರ ಜೊತೆ ಒಂದು ತಿಂಗಳು ಇದ್ದವರ ಪರೀಕ್ಷಿಸುವ ರೀತಿಯೇ ಬದಲಾಗುತ್ತದೆ. ಅಪಾಯವೂ ಇಲ್ಲೇ ಇದೆ. ಒಬ್ಬರೇ ವೈದ್ಯರು ಮೂರು ವಾರ್ಡ್ ನೋಡುವ ಕಡೆ ‘ಇದನ್ನು ನೀವೇ ಮಾಡಿಬಿಡಿ’ ಎಂಬ ಮಾತು ಬೇಗ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಮೇಲ್ವಿಚಾರಣೆ ಇಲ್ಲದೆ ಮಾಡಲು ಬಿಡದ ಕೆಲಸವನ್ನು ಅಲ್ಲೂ ಮಾಡಬಾರದು. ರೋಗಿ ಬಡವರಾದ ಮಾತ್ರಕ್ಕೆ ಅವರ ಮೈ ಕಲಿಯುವವರ ಅಭ್ಯಾಸಕ್ಕೆ ಇರುವುದಲ್ಲ. 2010ರಲ್ಲಿ ಪ್ರಕಟವಾದ ‘ವೇಟ್’ ಎಂದು ಕರೆಯುವ ನೈತಿಕ ಮಾರ್ಗಸೂಚಿಗಳು ಇಂಥ ತರಬೇತಿಗಾಗಿಯೇ ಬರೆದವು. ಕಳಿಸುವ ಸಂಸ್ಥೆ, ಬರಮಾಡಿಕೊಳ್ಳುವ ಆಸ್ಪತ್ರೆ, ವಿದ್ಯಾರ್ಥಿ ಮೂವರ ಹೊಣೆಯನ್ನೂ ಅವು ಹೇಳುತ್ತವೆ. ಒಂದು ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರಿ: “ಇದನ್ನು ನಾನು ಒಬ್ಬನೇ ಮಾಡುವ ಹಂತಕ್ಕೆ ಬಂದಿಲ್ಲ, ಯಾರಾದರೂ ಜೊತೆಗಿದ್ದರೆ ಸಹಾಯ ಮಾಡುತ್ತೇನೆ.” ಎರಡನೆಯ ಭಾಗ ಮುಖ್ಯ. ಬರೀ ‘ಆಗಲ್ಲ’ ಎಂದರೆ ಕೆಲಸದ ಒತ್ತಡದಲ್ಲಿರುವವರಿಗೆ ಬೇಸರವಾಗುತ್ತದೆ.

ಹಾಗಾದರೆ ಯಾವುದು? ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡಿನಲ್ಲಿ ಕಲಿಕೆ) ಒಂದು ವರ್ಷವೂ ಆಗಿಲ್ಲದವರಿಗೆ ಬೋಧನಾ ಆಸ್ಪತ್ರೆಯೇ ಸರಿ. ಕೊನೆಯ ವರ್ಷದಲ್ಲಿದ್ದು, ಹೆಸರು ಹೇಳಬಲ್ಲ ಒಬ್ಬ ಮೇಲ್ವಿಚಾರಕರಿಂದ ‘ನಾನು ಆ ತಿಂಗಳು ಇಲ್ಲೇ ಇರುತ್ತೇನೆ’ ಎಂದು ಬರೆಸಿಕೊಂಡವರು ಸಣ್ಣ ಆಸ್ಪತ್ರೆಯನ್ನು ಆರಿಸಬಹುದು. ಒಪ್ಪಿಕೊಂಡ ವೈದ್ಯರೇ ರಜೆಯಲ್ಲಿರುವುದು ಎಲೆಕ್ಟಿವ್‌ಗಳು ಕೆಡುವ ಒಂದು ಮುಖ್ಯ ದಾರಿ. ಅವರಿಲ್ಲದ ದಿನ ಯಾರು ಎಂಬ ಎರಡನೆಯ ಹೆಸರನ್ನೂ ಕೇಳಿಟ್ಟುಕೊಳ್ಳಿ.

ಯಾರ ಮೂಲಕ ಹೋಗುವುದು

ಕಾಲೇಜುಗಳ ನಡುವಿನ ಒಪ್ಪಂದವಿದ್ದರೆ ಅದೇ ಎಲ್ಲಕ್ಕಿಂತ ಸುರಕ್ಷಿತ. ತೊಂದರೆಯಾದರೆ ಎರಡೂ ಕಡೆ ಫೋನ್ ಎತ್ತುವವರಿರುತ್ತಾರೆ. 1951ರಲ್ಲಿ ಶುರುವಾದ ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ, ಐಎಫ್‌ಎಂಎಸ್‌ಎ, ಎರಡು ಬಗೆಯ ವಿನಿಮಯ ನಡೆಸುತ್ತದೆ: ವಾರ್ಡಿನ ಕೆಲಸಕ್ಕೆ ಸ್ಕೋಪ್, ಸಂಶೋಧನೆಗೆ ಸ್ಕೋರ್. ಸಾಮಾನ್ಯವಾಗಿ ನಾಲ್ಕು ವಾರ. ಉಳಿಯುವ ಜಾಗವನ್ನು ಅಲ್ಲಿನ ವಿದ್ಯಾರ್ಥಿ ಸಮಿತಿಯೇ ನೋಡಿಕೊಳ್ಳುತ್ತದೆ, ಮೊದಲ ದಿನದಿಂದಲೇ ನಿಮ್ಮ ವಯಸ್ಸಿನವರು ಜೊತೆಗಿರುತ್ತಾರೆ. ಹೊಂದಿಕೊಳ್ಳುವ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಕೊರತೆ ಏನೆಂದರೆ ಕೇಳಿದ ಊರು, ಕೇಳಿದ ವಿಭಾಗ ಸಿಕ್ಕೇ ಸಿಗುತ್ತದೆ ಎಂದಿಲ್ಲ, ಮತ್ತು ಒಪ್ಪಿಗೆ ತಡವಾಗಿ ಬಂದರೆ ವೀಸಾಕ್ಕೆ ದಿನ ಸಾಲದು.

ನೇರವಾಗಿ ವೈದ್ಯರಿಗೆ ಬರೆಯುವ ದಾರಿಗೆ ತಾಳ್ಮೆ ಬೇಕು. ಒಂಬತ್ತರಿಂದ ಹನ್ನೆರಡು ತಿಂಗಳು ಮುಂಚೆ ಶುರು ಮಾಡಿ. ಪತ್ರದಲ್ಲಿ ನಾಲ್ಕೇ ವಿಷಯ ಸಾಕು: ಯಾವ ವರ್ಷ, ಯಾವ ದಿನಾಂಕಗಳು, ಯಾವ ವಿಭಾಗ, ಅದೇ ವಿಭಾಗ ಯಾಕೆ. ಜೊತೆಗೆ ಒಂದು ಪುಟದ ಪರಿಚಯ, ಡೀನ್ ಪತ್ರ. ಉತ್ತರ ಬರದಿದ್ದರೆ ಎರಡು ವಾರಕ್ಕೊಮ್ಮೆ ಒಂದು ನೆನಪೋಲೆ, ಎರಡು ಸಲ ಕಳಿಸಿಯೂ ಬರದಿದ್ದರೆ ಬೇರೆ ಹೆಸರು.

ದುಡ್ಡು ತೆಗೆದುಕೊಂಡು ಏರ್ಪಾಡು ಮಾಡುವ ಕಂಪನಿಗಳು ಮನೆ, ಪಿಕಪ್, ಫೋನ್ ಸಹಾಯ ಎಲ್ಲ ಕೊಡುತ್ತವೆ. ಮುಂಗಡ ಕಟ್ಟುವ ಮುಂಚೆ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಆ ಹಣದಲ್ಲಿ ಆಸ್ಪತ್ರೆಗೆ ಎಷ್ಟು ಸೇರುತ್ತದೆ, ಮತ್ತು ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಬರುತ್ತದೆ. ‘ನಮ್ಮಲ್ಲಿ ಬಂದರೆ ಶಸ್ತ್ರಚಿಕಿತ್ಸೆಯನ್ನೇ ಮಾಡಬಹುದು’ ಎಂದು ಜಾಹೀರಾತು ಕೊಡುವ ಕಂಪನಿಯನ್ನು ಅಲ್ಲಿಗೇ ಬಿಡಿ.

ನಾಲ್ಕು ವಾರವೋ, ಎಂಟು ವಾರವೋ

ಸಮಯವಲಯ ಬದಲಾದರೆ ದೇಹ ಹೊಂದಿಕೊಳ್ಳಲು ಅಂದಾಜು ಗಂಟೆಗೊಂದು ದಿನ ಬೇಕು. ಪೂರ್ವಕ್ಕೆ ಹೋದಾಗ ಇನ್ನೂ ನಿಧಾನ. ಆರು ಗಂಟೆ ವ್ಯತ್ಯಾಸವಿರುವ ಕಡೆಗೆ ಭಾನುವಾರ ಇಳಿದು ಸೋಮವಾರ ರೌಂಡ್ಸ್‌ಗೆ ಹೋದರೆ ಮೊದಲ ವಾರ ನಿದ್ದೆಗಣ್ಣಲ್ಲೇ ಕಳೆಯುತ್ತದೆ. ಎರಡನೆಯ ವಾರ ಜಾಗಗಳು, ಹೆಸರುಗಳು ಗೊತ್ತಾಗುತ್ತವೆ. ಕೆಲಸ ಕೈಗೆ ಬರುವುದು ಮೂರನೆಯದರಲ್ಲಿ. ನಾಲ್ಕು ವಾರ ಹೋದವರಿಗೆ ಉಳಿಯುವುದು ಅದರಲ್ಲಿ ಎರಡೇ. ನಾಲ್ಕೇ ವಾರ ಸಿಗುವುದಾದರೆ ಒಂದೇ ವಿಭಾಗ, ಒಂದೇ ವಾರ್ಡ್ ಆರಿಸಿ. ವಾರಕ್ಕೊಂದು ವಿಭಾಗ ಸುತ್ತುವ ಆಸೆಯಿಂದ ಪ್ರತಿ ಸೋಮವಾರವೂ ಮತ್ತೆ ಹೊಸಬರಾಗಬೇಕಾಗುತ್ತದೆ.

ಎಂಟು ವಾರಕ್ಕೆ ಖರ್ಚು ಹೆಚ್ಚು, ನಡುವೆ ಒಂದು ಮಂಕು ಅವಧಿಯೂ ಬರಬಹುದು. ಆರು ವಾರ ಒಳ್ಳೆಯ ಮಧ್ಯದ ದಾರಿ ಎಂಬುದು ನಮ್ಮ ಅಭಿಪ್ರಾಯ. ಎಷ್ಟೇ ವಾರವಾದರೂ ಎರಡು ಮೂರು ದಿನ ಮುಂಚೆ ತಲುಪಿ. ಆ ದಿನಗಳಲ್ಲಿ ಕೋಣೆಯಿಂದ ವಾರ್ಡಿನ ಬಾಗಿಲ ತನಕ ಬೆಳಗಿನ ಡ್ಯೂಟಿಯ ಹೊತ್ತಿಗೇ ಒಮ್ಮೆ ಹೋಗಿ ಬನ್ನಿ. ವಾಹನಗಳು ನಿಮಗೆ ಅಭ್ಯಾಸವಿಲ್ಲದ ಬದಿಯಲ್ಲಿ ಓಡುವ ದೇಶವಾದರೆ ಈ ಅಭ್ಯಾಸ ಇನ್ನೂ ಮುಖ್ಯ: ರಸ್ತೆ ದಾಟುವಾಗ ಕಣ್ಣು ಹಳೆಯ ಕಡೆಗೇ ತಿರುಗುತ್ತದೆ.

ಉಳಿಯಲು ಎಲ್ಲಿ

ಆಸ್ಪತ್ರೆಯ ಹಾಸ್ಟೆಲ್, ಒಂದು ಮನೆಯಲ್ಲಿ ಅತಿಥಿಯಾಗಿ ಇರುವುದು, ಇಬ್ಬರು ಮೂವರು ಸೇರಿ ಬಾಡಿಗೆ ಮನೆ ಹಿಡಿಯುವುದು. ಸಾಮಾನ್ಯವಾಗಿ ಈ ಮೂರೇ.

ಹಾಸ್ಟೆಲ್‌ನ ದೊಡ್ಡ ಲಾಭ ನಡೆದುಹೋಗುವ ದೂರ. ರಾತ್ರಿ ಹತ್ತಕ್ಕೆ ಥಿಯೇಟರ್ ಮುಗಿದರೂ ಹೊರಗಿನ ರಸ್ತೆಗೆ ಇಳಿಯಬೇಕಿಲ್ಲ. ಪ್ರಯಾಣದಲ್ಲಿ ಯುವಕ ಯುವತಿಯರ ಜೀವ ತೆಗೆಯುವ ಕಾರಣಗಳಲ್ಲಿ ರಸ್ತೆ ಅಪಘಾತ ಮೇಲಿನ ಸಾಲಿನಲ್ಲಿದೆ, ಹಾಗಾಗಿ ಈ ಲಾಭವನ್ನು ಸಣ್ಣದೆಂದು ತಳ್ಳಿಹಾಕಬೇಡಿ. ತೊಂದರೆ ಎಂದರೆ ಆಸ್ಪತ್ರೆಯಿಂದ ಹೊರಗೇ ಬರದ ಹಾಗಾಗುತ್ತದೆ. ವಾರ್ಡಿನಲ್ಲಿ ಒಂದು ಸಾವು ಕಂಡ ದಿನ ಅದೇ ಗೋಡೆಗಳ ನಡುವೆ ಮಲಗುವುದು ಸುಲಭವಲ್ಲ. ವಾರದಲ್ಲಿ ಎರಡು ಸಂಜೆ ಆವರಣದಾಚೆ ಹೋಗುವ ನಿಯಮ ಇಟ್ಟುಕೊಂಡರೆ ಇದು ತಪ್ಪುತ್ತದೆ. ಕೋಣೆ ಒಪ್ಪುವ ಮುಂಚೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ನೀರು ಯಾವ ಹೊತ್ತಿಗೆ ಬರುತ್ತದೆ, ಅಡುಗೆ ಮಾಡಿಕೊಳ್ಳಬಹುದೇ, ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ, ಸೊಳ್ಳೆ ಇರುವ ಊರಾದರೆ ಪರದೆ ಕಟ್ಟಲು ಕೊಕ್ಕೆ ಇದೆಯೇ ಎಂದು ಕೇಳಿ.

ಮನೆಯವರ ಜೊತೆ ಇದ್ದರೆ ಭಾಷೆ ಬೇಗ ಬರುತ್ತದೆ, ಊಟದ ಚಿಂತೆಯಿಲ್ಲ, ಜ್ವರ ಬಂದರೆ ಕೇಳುವವರಿರುತ್ತಾರೆ. ಒಂಟಿತನಕ್ಕೆ ಇದರಷ್ಟು ಒಳ್ಳೆಯ ಔಷಧಿ ಇನ್ನೊಂದಿಲ್ಲ. ಆದರೆ ರಾತ್ರಿ ಡ್ಯೂಟಿ ಇರುವವರಿಗೆ ಇದು ಹೊಂದುವುದಿಲ್ಲ: ಹಗಲು ಮಲಗಬೇಕಾದಾಗ ಮನೆ ಎಚ್ಚರವಾಗಿರುತ್ತದೆ, ಊಟಕ್ಕೆ ಕಾಯುವವರಿಗೆ ಪ್ರತಿದಿನ ತಡವಾಗಿ ಬರುವುದು ಮುಜುಗರ ತರುತ್ತದೆ. ಮೊದಲ ಸಂಜೆಯೇ ವಾರದ ಡ್ಯೂಟಿ ಪಟ್ಟಿಯನ್ನು ಅವರಿಗೆ ಕೊಟ್ಟುಬಿಡಿ. ಊಟಕ್ಕೆ ಇಲ್ಲದ ದಿನಗಳಿಗೆ ಗುರುತು ಹಾಕಿ.

ಬಾಡಿಗೆ ಮನೆ ಸ್ವಾತಂತ್ರ್ಯ ಕೊಡುತ್ತದೆ, ಖರ್ಚಿನಲ್ಲಿ ಮೋಸವನ್ನೂ ಮಾಡುತ್ತದೆ. ಠೇವಣಿ, ಕರೆಂಟು, ಇಂಟರ್ನೆಟ್, ಓಡಾಟ ಸೇರಿಸಿದರೆ ಅಗ್ಗವಾಗಿ ಕಂಡದ್ದು ಹಾಸ್ಟೆಲ್‌ಗಿಂತ ಮೇಲೆ ಹೋಗುತ್ತದೆ. ನೋಡದ ಮನೆಗೆ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಬ್ಯಾಂಕಿಗೆ ಹಾಕಬೇಡಿ. ಮೊದಲ ಮೂರು ರಾತ್ರಿ ಬೇರೆಲ್ಲಾದರೂ ಕೋಣೆ ಹಿಡಿದು, ಕಣ್ಣಾರೆ ಕಂಡ ಮೇಲೆ ಕೊಡಿ. ಎಂಟು ವಾರ ಇರುವವರಿಗೆ, ಅದೂ ಜೊತೆಗಾರರಿದ್ದರೆ, ಇದು ಸರಿಹೊಂದೀತು. ನಾಲ್ಕು ವಾರಕ್ಕೆ ಬೇಡ.

ಒಬ್ಬರೇ ಹೋಗುವುದಾ, ಗೆಳೆಯರ ಜೊತೆಗಾ? ಇಬ್ಬರು ಹೋಗಿ, ಬೇರೆ ಬೇರೆ ವಾರ್ಡಿನಲ್ಲಿ ಕೆಲಸ ಮಾಡಿ. ಒಂದೇ ವಾರ್ಡಿನಲ್ಲಿದ್ದರೆ ಇಬ್ಬರೂ ಪರಸ್ಪರ ಮಾತಾಡಿಕೊಂಡೇ ಇದ್ದು, ಅಲ್ಲಿನವರ ಜೊತೆ ಬೆರೆಯುವುದೇ ಇಲ್ಲ.

ಮಲೇರಿಯಾ ಮಾತ್ರೆ: ಮೂರರಲ್ಲಿ ಯಾವುದು

ಮಲೇರಿಯಾ ಇರುವ ಊರಿಗೆ ಹೋಗುವವರು ವೈದ್ಯರನ್ನು ಕಂಡು ನಿರ್ಧರಿಸಬೇಕಾದ ವಿಷಯ ಇದು, ಆದರೆ ಪ್ರಶ್ನೆಗಳನ್ನು ನೀವೇ ಒಯ್ಯಿರಿ. ಅಟೋವಾಕ್ವೋನ್–ಪ್ರೋಗ್ವಾನಿಲ್ ದಿನಕ್ಕೊಂದು, ಹೋಗುವ ಒಂದೆರಡು ದಿನ ಮುಂಚೆ ಶುರು, ಬಂದ ಮೇಲೆ ಏಳು ದಿನ. ಊಟ ಅಥವಾ ಹಾಲಿನ ಜೊತೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಲೆ ಹೆಚ್ಚು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು, ಅದೂ ಒಂದೆರಡು ದಿನ ಮುಂಚೆ ಶುರು, ಆದರೆ ಬಂದ ಮೇಲೆ ನಾಲ್ಕು ವಾರ. ಅಗ್ಗ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ; ರಾತ್ರಿ ಎರಡು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಕೂತಿರಬೇಕು. ಮೆಫ್ಲೋಕ್ವಿನ್ ವಾರಕ್ಕೊಂದೇ, ಎರಡು ಮೂರು ವಾರ ಮುಂಚೆ ಶುರು, ಬಂದ ಮೇಲೆ ನಾಲ್ಕು ವಾರ. ಕೆಟ್ಟ ಕನಸು, ಆತಂಕ, ಖಿನ್ನತೆ ತರಬಹುದು. ಮನೋರೋಗ ಅಥವಾ ಫಿಟ್ಸ್ ಹಿಂದೆ ಇದ್ದವರಿಗೆ ಕೂಡದು. ಹೊಸ ಜಾಗದಲ್ಲಿ ನಿದ್ದೆಗೆಟ್ಟವರಿಗೆ ಮಾತ್ರೆಯ ಪರಿಣಾಮ ಯಾವುದು, ಊರು ಬಿಟ್ಟ ಬೇಸರ ಯಾವುದು ಎಂದು ತಿಳಿಯುವುದೇ ಕಷ್ಟ. ಆರು ವಾರದ ಎಲೆಕ್ಟಿವ್‌ಗೆ, ದುಡ್ಡು ಹೊಂದುವುದಾದರೆ, ಮೊದಲನೆಯದೇ ಅನುಕೂಲ.

ಸೂಜಿ ಚುಚ್ಚಿದರೆ: ಅಲ್ಲಿನದನ್ನು ನಂಬುವುದೋ, ಒಯ್ಯುವುದೋ

ಎಚ್‌ಐವಿ ಸೋಂಕಿರುವ ರಕ್ತದ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡಾ. ಹೆಪಟೈಟಿಸ್ ಬಿ ಲಸಿಕೆಯೇ ಆಗದವರಿಗೆ, ರೋಗಿಯ ರಕ್ತದಲ್ಲಿ (ವೈರಸ್ ಹೆಚ್ಚಿರುವುದನ್ನು ತೋರಿಸುವ) ಇ ಆಂಟಿಜೆನ್ ಇದ್ದರೆ, 30 ಶೇಕಡಾದ ತನಕ. ಲಸಿಕೆ 0, 1, 6 ತಿಂಗಳ ಲೆಕ್ಕದ್ದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ಪ್ರಮಾಣ ನೋಡಿಸಿ, 10 ಎಂಐಯು/ಎಂಎಲ್‌ಗಿಂತ ಕಡಿಮೆಯಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ಹೊರಡುವ ತಿಂಗಳಲ್ಲಿ ನೆನಪಾದರೆ ಇದಕ್ಕೆಲ್ಲ ಹೊತ್ತಿರುವುದಿಲ್ಲ.

ಎಚ್‌ಐವಿ ತಡೆಯುವ ಪೆಪ್ ಔಷಧಿಯನ್ನು ಸಾಧ್ಯವಾದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಿ, 28 ದಿನ ತೆಗೆದುಕೊಳ್ಳಬೇಕು. ದೊಡ್ಡ ಆಸ್ಪತ್ರೆಯಾದರೆ ಕೇಳಬೇಕಾದ್ದು ಒಂದೇ: ಭಾನುವಾರ ರಾತ್ರಿ ಎರಡು ಗಂಟೆಗೆ ಚುಚ್ಚಿದರೆ ಔಷಧಿ ಯಾರ ಕೈಯಲ್ಲಿದೆ? ಇದಕ್ಕೆ ಸ್ಪಷ್ಟ ಉತ್ತರವಿದ್ದರೆ ಒಯ್ಯಬೇಕಿಲ್ಲ. ಎಚ್‌ಐವಿ ಹೆಚ್ಚಿರುವ ಪ್ರದೇಶದ ಸಣ್ಣ ಆಸ್ಪತ್ರೆಯಾದರೆ, ನಿಮ್ಮ ಕಾಲೇಜಿನ ವೈದ್ಯರು ಬರೆದುಕೊಟ್ಟ ಕೆಲವು ದಿನಗಳ ಸ್ಟಾರ್ಟರ್ ಪ್ಯಾಕ್ ಕೈಚೀಲದಲ್ಲೇ ಇರಲಿ. ಉಳಿದ ದಿನಗಳದ್ದು ಎಲ್ಲಿಂದ ಬರುತ್ತದೆ ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಚುಚ್ಚಿದ ಕ್ಷಣ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ಹೇಳಿ. ಹೊಸ ಜಾಗದಲ್ಲಿ ನಾಚಿಕೆಯಿಂದ ಬೆಳಗಿನ ತನಕ ಮುಚ್ಚಿಡುವುದೇ ದೊಡ್ಡ ತಪ್ಪು.

ವಿಮೆಯಲ್ಲೂ ಇದೇ ಗಮನ. ಪ್ರವಾಸಿ ವಿಮೆ ಅಗ್ಗ, ಆದರೆ ಕೆಲಸದ ಜಾಗದಲ್ಲಾದ ಗಾಯ, ಸೋಂಕುಗಳನ್ನು ಅದು ಬಿಟ್ಟಿರಬಹುದು; ಎಲೆಕ್ಟಿವ್ ಎಂಬ ಪದ ಪಾಲಿಸಿಯಲ್ಲಿ ಇದೆಯೇ ನೋಡಿ. ವಿಮಾನದಲ್ಲಿ ಕರೆತರುವ ಖರ್ಚು ಸೇರಿದೆಯೇ ನೋಡಿ. ರೋಗಿ ನಿಮ್ಮ ಮೇಲೆ ದೂರು ಕೊಟ್ಟರೆ ರಕ್ಷಿಸುವ ವೃತ್ತಿ ವಿಮೆ ಬೇರೆಯದೇ, ಅದನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು.

ವಾರ್ಡಿನ ಮಾತು

ಭಾಷೆ ಬಾರದ ಕಡೆ ಎರಡು ದಾರಿ: ದುಭಾಷಿಯನ್ನು ನೆಚ್ಚುವುದು, ಇಲ್ಲವೇ ಬೇಕಾದಷ್ಟನ್ನು ಕಲಿಯುವುದು. ಎರಡೂ ಬೇಕು. ನೋವು ಎಲ್ಲಿ, ಯಾವಾಗಿನಿಂದ, ಉಸಿರು ಎಳೆಯಿರಿ, ಮುಟ್ಟಲೇ, ಕ್ಷಮಿಸಿ, ಧನ್ಯವಾದ ಇಂಥ ನಲವತ್ತು ವಾಕ್ಯಗಳನ್ನು ಹೋಗುವ ಮುಂಚೆ ಕಲಿತರೆ ನರ್ಸ್‌ಗಳ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ. ಆದರೆ ಒಪ್ಪಿಗೆ ಪಡೆಯುವುದಕ್ಕೆ, ಕೆಟ್ಟ ಸುದ್ದಿ ತಿಳಿಸುವುದಕ್ಕೆ ಆ ನಲವತ್ತು ವಾಕ್ಯ ಸಾಲದು. ಅಲ್ಲಿ ದುಭಾಷಿಯೇ ಬೇಕು, ರೋಗಿಯ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದು. ಮಾತಾಡುವಾಗ ಕಣ್ಣು ರೋಗಿಯ ಮೇಲಿರಲಿ.

ಭಾಷೆ ಬಂದರೂ ಕಾಲು ಜಾರುವ ಜಾಗ ಅಳತೆಯದ್ದು. ಒಂದು ದೇಶದಲ್ಲಿ ರಕ್ತದ ಸಕ್ಕರೆ ಮಿಲಿಮೋಲ್‌ನಲ್ಲಿ, ಇನ್ನೊಂದರಲ್ಲಿ ಮಿಲಿಗ್ರಾಂನಲ್ಲಿ: ಮಿಲಿಮೋಲ್ ಪ್ರತಿ ಲೀಟರ್ ಇದ್ದುದನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಪ್ರತಿ ಡೆಸಿಲೀಟರ್. ಕ್ರಿಯಾಟಿನಿನ್ ಮೈಕ್ರೋಮೋಲ್‌ನಲ್ಲಿದ್ದರೆ 88.4ರಿಂದ ಭಾಗಿಸಿ. ಹಿಮೋಗ್ಲೋಬಿನ್ 125 ಎಂದು ಕಂಡರೆ ಗಾಬರಿ ಬೇಡ, ಅದು ಲೀಟರ್ ಲೆಕ್ಕ, ಡೆಸಿಲೀಟರ್ ಲೆಕ್ಕದಲ್ಲಿ 12.5. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 48 ಎಂದರೆ 6.5 ಶೇಕಡಾ. ಔಷಧಿಯ ಹೆಸರುಗಳೂ ಹಾಗೇ: ಅಡ್ರಿನಲಿನ್ ಅಮೆರಿಕದಲ್ಲಿ ಎಪಿನೆಫ್ರಿನ್, ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್, ಪೆಥಿಡಿನ್ ಮೆಪೆರಿಡಿನ್. ಪ್ಯಾರಸಿಟಮಾಲ್ ಮತ್ತು ಅಸಿಟಮಿನೊಫೆನ್ ಒಂದೇ ಎಂದು ಮರೆತರೆ ರೋಗಿಗೆ ಎರಡು ಪಟ್ಟು ಹೋಗುತ್ತದೆ. 03/04 ಎಂಬ ದಿನಾಂಕ ಒಂದು ಕಡೆ ಏಪ್ರಿಲ್ 3, ಇನ್ನೊಂದು ಕಡೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಇವನ್ನೆಲ್ಲ ಜೇಬಿನ ಗಾತ್ರದ ಕಾರ್ಡಿನಲ್ಲಿ ಬರೆದಿಟ್ಟುಕೊಳ್ಳಿ, ಫೋನನ್ನು ವಾರ್ಡಿನಲ್ಲಿ ತೆಗೆಯಲಾಗದ ಕಡೆಗಳಿವೆ.

ಮನಸ್ಸು ಕುಗ್ಗಿದಾಗ

ನಾರ್ವೆಯ ಸಮಾಜವಿಜ್ಞಾನಿ ಸ್ವೆರೆ ಲಿಸ್ಗಾರ್ಡ್ 1955ರಲ್ಲಿ ಹೊರದೇಶಕ್ಕೆ ಹೋದ ವಿದ್ವಾಂಸರ ಹೊಂದಿಕೆ ಮೊದಲು ಮೇಲಿದ್ದು, ಇಳಿದು, ಮತ್ತೆ ಏರುತ್ತದೆ ಎಂದು ತೋರಿಸಿದರು. ಅವರು ಕಂಡ ಇಳಿತ ಆರರಿಂದ ಹದಿನೆಂಟು ತಿಂಗಳ ನಡುವಿನದು. ಎಲೆಕ್ಟಿವ್ ಅಷ್ಟು ದಿನ ಇರುವುದೇ ಇಲ್ಲ, ಹಾಗಾಗಿ ಎರಡನೆಯ ವಾರ ಕುಗ್ಗಿದರೆ ‘ಇದು ಎಲ್ಲರಿಗೂ ಬರುವ ಹಂತ’ ಎಂದು ಸುಮ್ಮನೆ ಕಾಯಬೇಡಿ, ಕಾರಣ ಹುಡುಕಿ. ನಿದ್ದೆಯೇ, ಊಟವೇ, ಮಾತ್ರೆಯೇ, ಮಾತಾಡಿಸದ ಮೇಲ್ವಿಚಾರಕರೇ? ಒಂದೊಂದಕ್ಕೂ ಪರಿಹಾರ ಬೇರೆ.

ಮನೆಗೆ ದಿನಾ ಫೋನ್ ಮಾಡುವುದೋ, ವಾರಕ್ಕೊಮ್ಮೆಯೋ? ದಿನಾ ಹತ್ತು ನಿಮಿಷ, ಗೊತ್ತಾದ ಹೊತ್ತಿಗೆ ಮಾಡಿದರೆ ಒಳ್ಳೆಯದು. ರಾತ್ರಿ ಎರಡು ಗಂಟೆ ವಿಡಿಯೊ ಕಾಲ್‌ನಲ್ಲಿ ಕಳೆದರೆ ನಿದ್ದೆಯೂ ಹೋಯಿತು, ಪಕ್ಕದ ಕೋಣೆಯವರ ಜೊತೆಗಿನ ಸಂಜೆಯೂ ಹೋಯಿತು. ವಾರ್ಡಿನಲ್ಲಿ ಕಂಡ ಸಾವುನೋವನ್ನು ಮನೆಯವರಿಗಿಂತ ಅಲ್ಲಿನ ರೆಸಿಡೆಂಟ್‌ಗಳ ಜೊತೆ ಮಾತಾಡಿ, ಅವರಿಗೆ ಆ ಹೆಸರು, ಆ ಹಾಸಿಗೆ ಗೊತ್ತಿರುತ್ತದೆ. ಎರಡು ವಾರ ಬಿಡದೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದ ಒಂದೇ ದಿನವಾದರೂ, ಕಾಲೇಜಿಗೆ ಫೋನ್ ಮಾಡಿ ಟಿಕೆಟ್ ಬದಲಾಯಿಸಿ. ಅದಕ್ಕಾಗಿಯೇ, ಸ್ವಲ್ಪ ಹೆಚ್ಚು ಕೊಟ್ಟರೂ, ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳಿ.

ವಾಪಸಾದ ಮೇಲೂ ಕೆಲವು ಕೆಲಸ ಬಾಕಿ. ಡಾಕ್ಸಿಸೈಕ್ಲಿನ್ ಹಿಡಿದವರು ನಾಲ್ಕು ವಾರ ಮುಗಿಸಲಿ. ಕ್ಷಯರೋಗಿಗಳ ವಾರ್ಡಿನಲ್ಲಿದ್ದವರು ಎಂಟರಿಂದ ಹತ್ತು ವಾರ ಕಳೆದು ಟಿಬಿ ಪರೀಕ್ಷೆ ಮತ್ತೆ ಮಾಡಿಸಲಿ. ಹೋಗುವ ಮುಂಚಿನ ಫಲಿತಾಂಶ ಇದ್ದರೆ ಮಾತ್ರ ಅದಕ್ಕೆ ಅರ್ಥ, ಆದ್ದರಿಂದ ಮೊದಲ ಪರೀಕ್ಷೆಯನ್ನು ಹೊರಡುವ ಮುಂಚೆಯೇ ಮಾಡಿಸಿ ಚೀಟಿ ಎತ್ತಿಡಿ. ಮಲೇರಿಯಾ ಊರಿನಿಂದ ಬಂದವರಿಗೆ ವರ್ಷದೊಳಗೆ ಯಾವಾಗ ಜ್ವರ ಬಂದರೂ, ವೈದ್ಯರಿಗೆ ಮೊದಲು ಹೇಳಬೇಕಾದ್ದು ಆ ಊರಿನ ಹೆಸರು.